ಹುಕುಂ, ಹಕೀಮ, ಕಡಿವಾಣ: ಅರಬ್ಬಿಯ ಒಂದು ಧಾತುವಿನ ಅರ್ಥಗಳು

ಅರಬ್ಬಿ ಲಿಪಿಯಲ್ಲಿ ಹಾ, ಕಾಫ್, ಮೀಮ್ ಎಂಬ ಮೂರು ಅಕ್ಷರ ಬರೆದು ಕೊನೆಗೆ ಸ್ತ್ರೀಲಿಂಗ ಸೂಚಿಸುವ ದುಂಡು ತಾ ಸೇರಿಸಿದರೆ ಒಂದು ಪದವಾಗುತ್ತದೆ. ಅದನ್ನು ‘ಹಿಕ್ಮ’ ಎಂದು ಓದಿದರೆ ವಿವೇಕ. ‘ಹಕಮ’ ಎಂದು ಓದಿದರೆ ಕುದುರೆಯ ದವಡೆಯನ್ನು ಸುತ್ತಿ ಹಿಡಿಯುವ, ಕಡಿವಾಣಕ್ಕೆ ಸೇರಿದ ಪಟ್ಟಿ. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲವಾದ್ದರಿಂದ ಕಾಗದದ ಮೇಲೆ ಈ ಎರಡಕ್ಕೂ ವ್ಯತ್ಯಾಸವೇ ಇಲ್ಲ. ವಿವೇಕಕ್ಕೂ ಕುದುರೆಯ ಬಾಯಿಗೂ ಎಲ್ಲಿಯ ಸಂಬಂಧ ಎಂಬ ಪ್ರಶ್ನೆಯಿಂದಲೇ ಹಾ-ಕಾಫ್-ಮೀಮ್ ಎಂಬ ಈ ಧಾತುವಿನ, ಅಂದರೆ ಪದಗಳು ಹುಟ್ಟುವ ಮೂಲದ, ಪರಿಚಯ ಶುರು ಮಾಡುವುದು ಒಳ್ಳೆಯದು. ಅರಬ್ಬಿಯ ನಿಘಂಟುಕಾರರೂ ಅಲ್ಲಿಂದಲೇ ಶುರು ಮಾಡಿದವರು.

ಮೊದಲು ಆ ಪಟ್ಟಿಯನ್ನು ಸರಿಯಾಗಿ ನೋಡೋಣ. ಕಡಿವಾಣದ ಎರಡೂ ಬದಿಯಲ್ಲಿ ಕೆನ್ನೆಯ ಗುಂಟ ಇಳಿಯುವ ದಾರಗಳಿರುತ್ತವೆ. ಅವುಗಳ ಹೆಸರು ‘ಇದಾರ್’. ಈ ಎರಡನ್ನೂ ಕೂಡಿಸಿಕೊಂಡು ಕುದುರೆಯ ದವಡೆಯ ಸುತ್ತ ಬರುವ ಭಾಗ ಹಕಮ. ಸವಾರ ಲಗಾಮು ಎಳೆದಾಗ ಅದು ದವಡೆಯನ್ನು ಒತ್ತುತ್ತದೆ, ಕುದುರೆ ಮೈಮರೆತು ಓಡುವುದು ನಿಲ್ಲುತ್ತದೆ. ಅದರ ಕೆಲಸ ಕುದುರೆಯನ್ನು ಕಟ್ಟಿಹಾಕುವುದಲ್ಲ, ಓಡುವ ಕುದುರೆಯನ್ನು ಹತೋಟಿಯಲ್ಲಿ ಇಡುವುದು. ಹಳೆಯ ಅರಬರು ಇದನ್ನು ಹದ ಮಾಡದ ಚರ್ಮದ ಸೀಳಿನಿಂದ ಅಥವಾ ಸೆಣಬಿನಂಥ ನಾರಿನಿಂದ ಮಾಡುತ್ತಿದ್ದರು. ಇಸ್ಲಾಂಪೂರ್ವ ಕಾಲದ ಕವಿ ಝುಹೈರನ ಒಂದು ಸಾಲಿನಲ್ಲಿ ಈ ಎರಡೂ ಸಾಮಗ್ರಿಗಳ ಹೆಸರಿದೆ: ಚರ್ಮಕ್ಕೆ ‘ಕಿದ್ದ್’, ನಾರಿಗೆ ‘ಅಬಕ್’. ಅವರಿಗೆ ಬೇಕಿದ್ದದ್ದು ಶೌರ್ಯ, ಅಲಂಕಾರವಲ್ಲ, ಆದ್ದರಿಂದ ಬೆಳ್ಳಿ ಬಂಗಾರ ಹಚ್ಚಲಿಲ್ಲ ಎಂದು ನಿಘಂಟುಕಾರರು ಪಕ್ಕದಲ್ಲೇ ಟಿಪ್ಪಣಿ ಬರೆದಿದ್ದಾರೆ.

ಕನ್ನಡದಲ್ಲಿ ನಾವು ‘ಖರ್ಚಿಗೆ ಕಡಿವಾಣ ಹಾಕು’, ‘ನಾಲಿಗೆಗೆ ಕಡಿವಾಣ ಇರಲಿ’ ಎನ್ನುತ್ತೇವಲ್ಲ, ಅರಬ್ಬಿಯವರೂ ಅದೇ ಕುದುರೆಯಿಂದ ಅದೇ ಮಾತನ್ನು ಪಡೆದರು. ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಅದು ನುಡಿಗಟ್ಟಾಗಿ ನಿಂತಿತು. ಅವರ ನಿಘಂಟುಕಾರರು ಅದನ್ನು ಇಡೀ ಧಾತುವಿನ ಬೀಗದ ಕೈ ಮಾಡಿಕೊಂಡರು.

ಹತ್ತನೇ ಶತಮಾನದ ಇಬ್ನ್ ಫಾರಿಸ್ (ಮರಣ ಕ್ರಿ.ಶ. 1004) ‘ಮಕಾಯೀಸ್ ಅಲ್-ಲುಗ’ ಎಂಬ ನಿಘಂಟು ಕಟ್ಟಿದವನು. ಅವನ ಕ್ರಮ ಬೇರೆಯವರಿಗಿಂತ ಭಿನ್ನ. ಪ್ರತಿ ಧಾತುವಿಗೂ ಮೊದಲು ಅದರ ‘ಅಸ್ಲ್’, ಅಂದರೆ ಮೂಲಾರ್ಥ, ಒಂದೇ ಇದೆಯೋ ಎರಡು ಮೂರಿವೆಯೋ ಎಂದು ಹೇಳಿಬಿಡುತ್ತಾನೆ. ಆಮೇಲೆ ಉಳಿದ ಪದಗಳನ್ನು ಅದಕ್ಕೆ ಹೊಂದಿಸಿ ತೋರಿಸುತ್ತಾನೆ. ಹಾ-ಕಾಫ್-ಮೀಮ್ ಬಗ್ಗೆ ಅವನ ತೀರ್ಮಾನ ಚಿಕ್ಕದು: ಮೂಲಾರ್ಥ ಒಂದೇ, ಅದು ‘ಮನ್ಅ’, ಅಂದರೆ ತಡೆ. ಹುಕ್ಮ್ ಎಂದರೆ ಅನ್ಯಾಯವನ್ನು (ಝುಲ್ಮ್) ತಡೆಯುವುದು. ಹಕಮ ಪಟ್ಟಿ ಪ್ರಾಣಿಯನ್ನು ತಡೆಯುತ್ತದೆ. ಹಿಕ್ಮ ‘ಜಹ್ಲ್’ ಅನ್ನು ತಡೆಯುತ್ತದೆ.

ಈ ಕೊನೆಯ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಈಗಿನ ಅರಬ್ಬಿಯಲ್ಲಿ ಜಹ್ಲ್ ಎಂದರೆ ಅಜ್ಞಾನ, ತಿಳಿಯದಿರುವುದು. ಹಳೆಯ ಕಾವ್ಯದಲ್ಲಿ ಅದಕ್ಕೆ ಇನ್ನೊಂದು ಬಿಸಿ ಇದೆ: ಮುನ್ನುಗ್ಗುವ ಕೋಪ, ಹಿಡಿತವಿಲ್ಲದ ಉದ್ವೇಗ, ಬಾಯಿಗೆ ಪಟ್ಟಿ ಇಲ್ಲದ ಕುದುರೆಯ ಗುಣ. ಆದ್ದರಿಂದಲೇ ಹಿಕ್ಮ ಅದಕ್ಕೆ ಎದುರಾಗುತ್ತದೆ. ಮೆಕ್ಕಾದ ಮುಖಂಡ ಅಮ್ರ್ ಇಬ್ನ್ ಹಿಶಾಮನ ಗೌರವದ ಹೆಸರು ‘ಅಬುಲ್ ಹಕಮ್’. ಹಕಮ್ ಎಂದರೆ ತೀರ್ಪುಗಾರ. ಇಸ್ಲಾಮನ್ನು ಕಡುವಾಗಿ ವಿರೋಧಿಸಿದ ಅವನನ್ನು ಮುಸ್ಲಿಮರು ‘ಅಬೂ ಜಹ್ಲ್’ ಎಂದು ಕರೆದರು, ಚರಿತ್ರೆಯಲ್ಲಿ ಆ ಹೆಸರೇ ನಿಂತಿತು. ಇಬ್ನ್ ಫಾರಿಸ್ ನಿಘಂಟಿನಲ್ಲಿ ಎದುರುಬದುರಾಗಿಟ್ಟ ಎರಡು ಪದಗಳು ಆ ಒಬ್ಬನೇ ಮನುಷ್ಯನ ಎರಡು ಹೆಸರುಗಳಲ್ಲಿವೆ.

‘ತಡೆ’ ಎಂಬ ಅರ್ಥಕ್ಕೆ ಬಳಕೆಯ ಸಾಕ್ಷಿಯೂ ಇದೆ, ಅದು ಬರೀ ಊಹೆಯಲ್ಲ. ಉಮಯ್ಯದ್ ಕಾಲದ ಕವಿ ಜರೀರ್ ಬನೂ ಹನೀಫ ಬುಡಕಟ್ಟಿಗೆ ಎಚ್ಚರಿಕೆ ಕೊಡುತ್ತಾನೆ: ನಿಮ್ಮ ತಿಳಿಗೇಡಿಗಳನ್ನು ಹಿಡಿದು ನಿಲ್ಲಿಸಿ, ನನಗೆ ಸಿಟ್ಟು ಬಂದರೆ ನಿಮ್ಮ ಗತಿ ಏನೆಂದು ನನಗೇ ಭಯ. ‘ಹಿಡಿದು ನಿಲ್ಲಿಸಿ’ ಎಂಬಲ್ಲಿ ಅವನು ಬಳಸಿದ ಕ್ರಿಯಾಪದ ‘ಅಹ್ಕಿಮೂ’. ಇವತ್ತಿನ ಅರಬ್ಬಿ ಮಾತ್ರ ಕಲಿತವರಿಗೆ ಈ ಕ್ರಿಯಾಪದ ಗೊತ್ತಿರುವುದು ‘ಗಟ್ಟಿಮಾಡು, ಅಚ್ಚುಕಟ್ಟಾಗಿ ಮಾಡು’ ಎಂಬ ಅರ್ಥದಲ್ಲಿ. ಅವರು ಓದಿದರೆ ‘ನಿಮ್ಮ ತಿಳಿಗೇಡಿಗಳನ್ನು ಅಚ್ಚುಕಟ್ಟು ಮಾಡಿ’ ಎಂಬ ಅಸಂಬದ್ಧ ಸಾಲು ಸಿಗುತ್ತದೆ. ಹಾಗೆಯೇ ಇಬ್ರಾಹೀಮ್ ಅಲ್-ನಖಈ ಎಂಬ ಹಳೆಯ ವಿದ್ವಾಂಸರ ಮಾತೊಂದು ನಿಘಂಟುಗಳಲ್ಲಿದೆ: ನಿನ್ನ ಮಗುವನ್ನು ಹೇಗೆ ತಿದ್ದಿ ತಡೆಯುತ್ತೀಯೋ ಹಾಗೆಯೇ ಅನಾಥ ಮಗುವನ್ನೂ ತಡೆ. ಅಲ್ಲಿರುವುದು ‘ಹಕ್ಕಿಮ್’. ಇದೇ ರೂಪಕ್ಕೆ ಆಮೇಲೆ ‘ಪಂಚನಾಗಿ ನೇಮಿಸು’ ಎಂಬ ಅರ್ಥ ಪ್ರಬಲವಾಯಿತು.

ಧಾತು ಮತ್ತು ಅಚ್ಚು

ಸಂಸ್ಕೃತದ ಕೃ ಧಾತುವಿನಿಂದ ಕಾರ್ಯ, ಕರ್ತೃ, ಕೃತಿ, ಕ್ರಿಯೆ, ಕರಣ ಬರುವುದು ನಮಗೆ ಗೊತ್ತು. ಅರಬ್ಬಿಯ ವ್ಯವಸ್ಥೆ ಅದಕ್ಕಿಂತ ಕಟ್ಟುನಿಟ್ಟು. ಮೂರು ವ್ಯಂಜನಗಳು ಧಾತು. ಅವುಗಳ ನಡುವೆ ಯಾವ ಸ್ವರ, ಮುಂದೆ ಯಾವ ಸೇರ್ಪಡೆ ಎಂಬುದನ್ನು ಅಚ್ಚು ನಿರ್ಧರಿಸುತ್ತದೆ. ಅಚ್ಚಿಗೆ ಅರಬ್ಬಿಯಲ್ಲಿ ‘ವಝ್ನ್’, ಅಂದರೆ ತೂಕ, ಎನ್ನುತ್ತಾರೆ. ಉತ್ತರ ಕರ್ನಾಟಕದವರು ತೂಕಕ್ಕೆ ‘ವಜನು’ ಎನ್ನುವುದು ಈ ಪದವನ್ನೇ. ಅಚ್ಚುಗಳನ್ನು ಹೇಳಿಕೊಡುವಾಗ ಫ-ಅ-ಲ ಎಂಬ ಮಾದರಿ ಧಾತು ಬಳಸುತ್ತಾರೆ.

ಕನ್ನಡ ಓದುಗರಿಗೆ ಈ ಅಚ್ಚುಗಳು ಆಗಲೇ ಕಿವಿಯಲ್ಲಿವೆ. ಮಾಮೂಲು, ಮಂಜೂರು, ಮಹಸೂಲು ಮೂರನ್ನೂ ಒಟ್ಟಿಗೆ ಉಚ್ಚರಿಸಿ ನೋಡಿ. ಮೂರೂ ‘ಮಫ್ಊಲ್’ ಅಚ್ಚಿನವು: ಕ್ರಿಯೆಗೆ ಒಳಗಾದದ್ದು. ನಮ್ಮ ಧಾತುವನ್ನು ಅದರಲ್ಲಿ ಹಾಕಿದರೆ ‘ಮಹ್ಕೂಮ್’, ತೀರ್ಪಿಗೆ ಒಳಗಾದವನು. ಹಾಜರು, ಕಾಯಂ ‘ಫಾಇಲ್’ ಅಚ್ಚು: ಮಾಡುವವನು, ಇರುವವನು. ಅದರಲ್ಲಿ ‘ಹಾಕಿಮ್’, ತೀರ್ಪು ಕೊಡುವವನು, ಆಳುವವನು. ವಕೀಲ, ಅಮೀನ ‘ಫಈಲ್’ ಅಚ್ಚು: ಆ ಗುಣ ಅಥವಾ ಸ್ಥಾನ ಮೈಗೂಡಿದವನು. ಅದರಲ್ಲಿ ‘ಹಕೀಮ್’. ಮದರಸಾ ‘ಮಫ್ಅಲ’ ಅಚ್ಚು, ಕ್ರಿಯೆ ನಡೆಯುವ ಜಾಗ. ಅದರಲ್ಲಿ ‘ಮಹ್ಕಮ’, ನ್ಯಾಯಾಲಯ.

ಕ್ರಿಯಾಪದಗಳಿಗೂ ಹೀಗೆಯೇ ಕ್ರಮಸಂಖ್ಯೆಯ ರೂಪಗಳಿವೆ. ಒಂದನೆಯದು ‘ಹಕಮ’, ತೀರ್ಪಿತ್ತನು. ಎರಡನೆಯದು ‘ಹಕ್ಕಮ’, ಪಂಚನಾಗಿ ನೇಮಿಸಿದನು. ಮೂರನೆಯದು ‘ಹಾಕಮ’, ಒಬ್ಬನನ್ನು ನ್ಯಾಯಾಧೀಶನ ಮುಂದೆ ಎಳೆದನು. ವಿಚಾರಣೆಗೆ ‘ಮುಹಾಕಮ’ ಎನ್ನುವುದು ಇದರಿಂದ. ನಾಲ್ಕನೆಯದು ‘ಅಹ್ಕಮ’, ಬಿಗಿಮಾಡಿದನು. ಐದನೆಯ ‘ತಹಕ್ಕಮ’ ತನ್ನಿಷ್ಟದಂತೆ ನಡೆಸುವುದು, ಟಿ.ವಿ. ರಿಮೋಟಿಗೆ ಈಗಿನ ಅರಬ್ಬಿಯಲ್ಲಿರುವ ಹೆಸರಿನಲ್ಲಿ ಈ ರೂಪವೇ ಇದೆ. ಆರನೆಯ ‘ತಹಾಕಮ’ ಎಂದರೆ ಇಬ್ಬರೂ ಸೇರಿ ತೀರ್ಪಿಗೆ ಹೋಗುವುದು. ಹತ್ತನೆಯ ‘ಇಸ್ತಹ್ಕಮ’ ಗಟ್ಟಿಯಾಗುವುದು. ತುರ್ಕಿಯಲ್ಲಿ ಕೋಟೆಗೊತ್ತಲಗಳ ಕಟ್ಟಡಕ್ಕೆ ‘ಇಸ್ತಿಹ್ಕಾಮ್’ ಎನ್ನುತ್ತಾರೆ.

ತಡೆಯಿಂದ ‘ಗಟ್ಟಿ’ ಹೇಗೆ ಬಂತು? ಸಡಿಲವಾಗದಂತೆ, ಕೆಡದಂತೆ ತಡೆದದ್ದು ಗಟ್ಟಿಯಾದದ್ದು. ಹಳಬರು ಕೊಡುವ ವಿವರಣೆ ಇಷ್ಟೇ, ಅದು ಸಾಕು ಕೂಡ. ಈ ಅರ್ಥ ಕುರ್‌ಆನಿನ 3ನೇ ಅಧ್ಯಾಯದ 7ನೇ ವಚನದಲ್ಲಿ ಬಹಳ ಮುಖ್ಯವಾಗುತ್ತದೆ. ಅಲ್ಲಿ ವಚನಗಳನ್ನು ಎರಡು ಬಗೆ ಮಾಡಿದೆ: ‘ಮುಹ್ಕಮ್’ ಆದವು, ‘ಮುತಶಾಬಿಹ್’ ಆದವು. ಮೊದಲನೆಯವು ಅರ್ಥ ಅಲುಗಾಡದಂತೆ ಬಿಗಿದವು, ಅವು ಗ್ರಂಥದ ತಾಯಿ. ಎರಡನೆಯವು ಒಂದರಂತೆ ಇನ್ನೊಂದು ಕಾಣುವ, ಬೇರೆ ಬೇರೆ ಅರ್ಥಕ್ಕೆ ಎಡೆಕೊಡುವವು. ಯಾವ ವಚನ ಯಾವ ಗುಂಪಿನದು ಎಂಬುದರ ಮೇಲೆ ವ್ಯಾಖ್ಯಾನಕಾರರು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಇಲ್ಲಿ ‘ಮುಹ್ಕಮ್’ ಅನ್ನು ‘ವಿವೇಕದ ವಚನಗಳು’ ಅಥವಾ ‘ಆಜ್ಞೆಯ ವಚನಗಳು’ ಎಂದು ಅನುವಾದಿಸಿದರೆ ಧಾತು ಸರಿ, ಅಚ್ಚು ತಪ್ಪು. ಇಂಥ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ವಾಕ್ಯ ಚೆನ್ನಾಗಿಯೇ ಓದಿಸಿಕೊಳ್ಳುತ್ತದೆ.

ಹಕಮ್: ಇಬ್ಬರು ಒಪ್ಪಿದ ಮೂರನೆಯವನು

ಇಸ್ಲಾಂಪೂರ್ವ ಅರೇಬಿಯಾದಲ್ಲಿ ರಾಜನಿಲ್ಲದ ಬುಡಕಟ್ಟುಗಳ ನಡುವೆ ಜಗಳ ತೀರುತ್ತಿದ್ದುದು ‘ಹಕಮ್’ ಎಂಬ ಪಂಚನಿಂದ. ಅವನಿಗೆ ಸೈನ್ಯವಿಲ್ಲ, ಕಚೇರಿಯಿಲ್ಲ. ಎರಡೂ ಕಡೆಯವರು ಒಪ್ಪಿ ಹುಡುಕಿಕೊಂಡು ಹೋಗುವ ಹಿರಿಯ. ತಮೀಮ್ ಬುಡಕಟ್ಟಿನ ಅಕ್ಸಮ್ ಇಬ್ನ್ ಸೈಫೀ ಇಂಥವರಲ್ಲಿ ಹೆಸರಾದವನು; ತೀರ್ಪಿಗೂ ನುಡಿಮುತ್ತುಗಳಿಗೂ ಅವನನ್ನು ನೆನೆಯುತ್ತಾರೆ. ತೀರ್ಪುಗಾರ ಮತ್ತು ವಿವೇಕಿ ಒಂದೇ ಧಾತುವಿನಲ್ಲಿ ಏಕೆ ಕೂಡುತ್ತಾರೆ ಎಂಬುದಕ್ಕೆ ವ್ಯಾಕರಣಕ್ಕಿಂತ ಈ ಸಾಮಾಜಿಕ ವ್ಯವಸ್ಥೆ ಹೆಚ್ಚು ಒಳ್ಳೆಯ ಉತ್ತರ. ಬಲವಂತಕ್ಕೆ ದಂಡವಿಲ್ಲದ ಕಡೆ ತೀರ್ಪು ನಿಲ್ಲುವುದು ತೀರ್ಪುಗಾರನ ವಿವೇಕದ ಮೇಲಿನ ನಂಬಿಕೆಯಿಂದ ಮಾತ್ರ. ಕುರ್‌ಆನ್ 4:35ರಲ್ಲಿ ಗಂಡಹೆಂಡಿರ ನಡುವೆ ಒಡಕು ಬರುವ ಭಯವಿದ್ದರೆ ಅವನ ಕಡೆಯಿಂದ ಒಬ್ಬ ಹಕಮ್, ಅವಳ ಕಡೆಯಿಂದ ಒಬ್ಬ ಹಕಮ್ ಇರಲಿ ಎನ್ನುವುದು ಈ ಹಳೆಯ ಪದ್ಧತಿಯನ್ನೇ. ಇವತ್ತು ಅರಬ್ಬಿ ಪತ್ರಿಕೆಯ ಕ್ರೀಡಾಪುಟದಲ್ಲಿ ಹಕಮ್ ಎಂದರೆ ಫುಟ್‌ಬಾಲ್ ರೆಫರಿ.

ಈ ಒಂದು ಪದದ ಮೇಲೆ ದೊಡ್ಡ ಒಡಕೂ ಆಯಿತು. ಹಿಜರಿ 37, ಅಂದರೆ ಕ್ರಿ.ಶ. 657ರಲ್ಲಿ ಯೂಫ್ರೆಟಿಸ್ ದಂಡೆಯ ಸಿಫ್ಫೀನ್‌ನಲ್ಲಿ ಖಲೀಫ ಅಲಿ ಮತ್ತು ಸಿರಿಯಾದ ರಾಜ್ಯಪಾಲ ಮುಆವಿಯರ ಸೇನೆಗಳು ಎದುರಾದವು. ಯುದ್ಧ ನಿಲ್ಲಿಸಿ ಇಬ್ಬರು ಹಕಮ್‌ಗಳಿಗೆ ವಿಷಯ ಒಪ್ಪಿಸುವುದೆಂದಾಯಿತು: ಅಲಿಯ ಕಡೆಯಿಂದ ಅಬೂ ಮೂಸಾ ಅಲ್-ಅಶ್ಅರೀ, ಮುಆವಿಯನ ಕಡೆಯಿಂದ ಅಮ್ರ್ ಇಬ್ನ್ ಅಲ್-ಆಸ್. ಅಲಿಯ ಸೇನೆಯ ಒಂದು ಭಾಗ ಇದನ್ನು ಒಪ್ಪದೆ ‘ಲಾ ಹುಕ್ಮ ಇಲ್ಲಾ ಲಿಲ್ಲಾಹ್’ ಎಂದು ಕೂಗಿತು: ಅಲ್ಲಾಹನದಲ್ಲದೆ ಬೇರೆ ತೀರ್ಪಿಲ್ಲ. ಇವರೇ ಮುಂದೆ ಖಾರಿಜಿಗಳೆಂದು ಹೆಸರಾದವರು. ಮಾತು ಸತ್ಯ, ಅದರಿಂದ ಸಾಧಿಸಹೊರಟಿರುವುದು ಮಿಥ್ಯೆ ಎಂಬುದು ಅಲಿಯ ಉತ್ತರವೆಂದು ಪ್ರಸಿದ್ಧ. ಅಲಿಯ ಪರವಾಗಿ ಈ ಖಾರಿಜಿಗಳೊಡನೆ ವಾದಕ್ಕೆ ಹೋದ ಇಬ್ನ್ ಅಬ್ಬಾಸ್ ಕುರ್‌ಆನಿನಿಂದಲೇ ಎರಡು ಕಡೆ ತೋರಿಸಿದರೆಂದು ಪರಂಪರೆ ಹೇಳುತ್ತದೆ. ಒಂದು ಮೇಲಿನ 4:35. ಇನ್ನೊಂದು 5:95, ಹಜ್ ವ್ರತದಲ್ಲಿರುವಾಗ ಬೇಟೆಯಾಡಿದವನು ಕೊಡಬೇಕಾದ ಪರಿಹಾರವನ್ನು ನ್ಯಾಯವಂತರಾದ ಇಬ್ಬರು ‘ಯಹ್ಕುಮು’, ತೀರ್ಮಾನಿಸಬೇಕು. ಮೊಲಕ್ಕೂ ಮದುವೆಗೂ ಮನುಷ್ಯರ ಹುಕ್ಮ್ ಸಲ್ಲುವುದಾದರೆ ಮುಸ್ಲಿಮರ ರಕ್ತ ಉಳಿಸುವುದಕ್ಕೆ ಏಕೆ ಸಲ್ಲದು ಎಂಬುದು ಅವರ ವಾದದ ತಿರುಳು.

ಆ ಘೋಷಣೆ ಕೂಗಿದವರಿಗೆ ‘ಮುಹಕ್ಕಿಮ’ ಎಂಬ ಹೆಸರು ಬಂತು. ಇಲ್ಲಿ ವ್ಯಾಕರಣದ ಒಂದು ಸೊಗಸಿದೆ. ಎರಡನೆಯ ರೂಪಕ್ಕೆ ‘ಒಂದು ಮಾತನ್ನು ಉಚ್ಚರಿಸು’ ಎಂಬ ಅರ್ಥವೂ ಬರುತ್ತದೆ: ‘ಕಬ್ಬರ’ ಎಂದರೆ ಅಲ್ಲಾಹು ಅಕ್ಬರ್ ಎಂದನು. ಹಾಗೆಯೇ ‘ಹಕ್ಕಮ’ ಎಂದರೆ ‘ಲಾ ಹುಕ್ಮ’ ಎಂದು ಕೂಗಿದನು. ಅನಾಥ ಮಗುವನ್ನು ತಡೆ, ಪಂಚನನ್ನು ನೇಮಿಸು, ಪಂಚರೇ ಬೇಡವೆಂದು ಕೂಗು: ಮೂರಕ್ಕೂ ಒಂದೇ ಕ್ರಿಯಾರೂಪ. ಎರಡನೆಯದು ಮತ್ತು ಮೂರನೆಯದು ಒಂದಕ್ಕೊಂದು ನೇರ ವಿರುದ್ಧ, ಅದೂ ಒಂದೇ ಘಟನೆಯ ವರದಿಯಲ್ಲಿ. ಸಂದರ್ಭ ನೋಡದೆ ಧಾತುವಿನಿಂದಷ್ಟೇ ಅರ್ಥ ತೆಗೆಯುತ್ತೇನೆ ಎನ್ನುವವರು ಇಲ್ಲಿ ಎಡವದೆ ಇರಲಾರರು.

ಹುಕ್ಮ್, ಹುಕೂಮ, ಹಕೀಮ್

ಫಿಕ್ಹ್, ಅಂದರೆ ಧರ್ಮಶಾಸ್ತ್ರದಲ್ಲಿ ಹುಕ್ಮ್ ಪಾರಿಭಾಷಿಕ ಪದ. ಮನುಷ್ಯನ ಪ್ರತಿ ಕೆಲಸಕ್ಕೂ ಐದರಲ್ಲಿ ಒಂದು ಹುಕ್ಮ್ ತಗಲುತ್ತದೆ: ವಾಜಿಬ್ (ಮಾಡಲೇಬೇಕು), ಮಂದೂಬ್ (ಮಾಡಿದರೆ ಒಳಿತು), ಮುಬಾಹ್ (ಮಾಡಿದರೂ ಬಿಟ್ಟರೂ ಸರಿ), ಮಕ್ರೂಹ್ (ಬಿಟ್ಟರೆ ಒಳಿತು), ಹರಾಮ್ (ಮಾಡಲೇಬಾರದು). ‘ಆಜ್ಞೆ’ ಎಂದು ಅನುವಾದಿಸಿದರೆ ಮುಬಾಹ್ ಎಂಬ ಮೂರನೆಯದು ಅರ್ಥವಾಗುವುದೇ ಇಲ್ಲ, ಅಲ್ಲಿ ಆಜ್ಞೆಯೇ ಇಲ್ಲವಲ್ಲ. ಇಲ್ಲಿ ಹುಕ್ಮ್ ಎಂದರೆ ‘ನಿರ್ಣಯ’, ‘ಸ್ಥಾನನಿರ್ದೇಶ’.

‘ಹುಕೂಮ’ ಎಂದರೆ ಈಗ ಸರ್ಕಾರ. ಹಳೆಯ ಶಾಸ್ತ್ರಗ್ರಂಥದಲ್ಲಿ ಗಾಯಗಳ ಪರಿಹಾರದ ಅಧ್ಯಾಯ ತೆರೆದು ‘ಹುಕೂಮತು ಅದ್ಲ್’ ಎಂದು ಕಂಡಾಗ ‘ನ್ಯಾಯದ ಸರ್ಕಾರ’ ಎಂದುಕೊಂಡರೆ ಕೆಟ್ಟಿತು. ಪ್ರಾಣಹಾನಿಗೆ ಪೂರ್ಣ ಪರಿಹಾರ ನೂರು ಒಂಟೆ. ಕೆಲವು ಅಂಗಗಳಿಗೆ, ಕೆಲವು ಬಗೆಯ ಗಾಯಗಳಿಗೆ ಗೊತ್ತಾದ ಪಾಲಿದೆ. ಗೊತ್ತಾದ ಪಾಲಿಲ್ಲದ ಗಾಯಕ್ಕೆ ನ್ಯಾಯಾಧೀಶ ಅಂದಾಜು ಕಟ್ಟಬೇಕು. ಆ ಅಂದಾಜೇ ಹುಕೂಮ. ಲೆಕ್ಕ ಹೀಗೆ: ಗಾಯಗೊಂಡವನನ್ನು ಗುಲಾಮನೆಂದು ಭಾವಿಸಿ, ಗಾಯವಿಲ್ಲದಿದ್ದರೆ ಎಷ್ಟು ಬೆಲೆ, ಗಾಯದ ಗುರುತು ಸಹಿತ ಎಷ್ಟು ಬೆಲೆ ಎಂದು ನೋಡುವುದು. ಬೆಲೆ ಹತ್ತರಲ್ಲೊಂದು ಪಾಲು ಇಳಿದರೆ ನೂರು ಒಂಟೆಯ ಹತ್ತರಲ್ಲೊಂದು, ಅಂದರೆ ಹತ್ತು ಒಂಟೆ. ಗುಲಾಮಗಿರಿ ಸಹಜವೆನಿಸಿದ್ದ ಕಾಲದ ಲೆಕ್ಕ ಅದು, ಓದುವಾಗ ಮನಸ್ಸಿಗೆ ಚುಚ್ಚುತ್ತದೆ. ಆದರೆ ಪದದ ಅರ್ಥ ಅಲ್ಲಿ ಹೀಗೇ ಇದೆ. ‘ಸರ್ಕಾರ’ ಎಂಬ ಅರ್ಥ ಗಟ್ಟಿಯಾದದ್ದು 19ನೇ ಶತಮಾನದಲ್ಲಿ, ಒಟ್ಟೋಮನ್ ತುರ್ಕಿ ಮತ್ತು ಈಜಿಪ್ಟಿನ ಆಡಳಿತ ಬದಲಾದಾಗ.

ಕಾಲ ಬೆರೆಸಿದರೆ ಆಗುವ ಅನರ್ಥಕ್ಕೆ ಇನ್ನೊಂದು ಉದಾಹರಣೆ ಕುರ್‌ಆನ್ 19:12. ಯಹ್ಯಾ (ಕ್ರೈಸ್ತರ ಸ್ನಾನಿಕ ಯೋಹಾನ) ಮಗುವಾಗಿರುವಾಗಲೇ ನಾವು ಅವನಿಗೆ ಹುಕ್ಮ್ ಕೊಟ್ಟೆವು ಎಂದಿದೆ ಅಲ್ಲಿ. ಮಗುವಿಗೆ ಕೊಟ್ಟದ್ದು ಆಡಳಿತವಲ್ಲ, ವಿವೇಕ. ‘ಹಾಕಿಮಿಯ್ಯ’, ದೇವರ ಸಾರ್ವಭೌಮತ್ವ, ಎಂಬ ರಾಜಕೀಯ ಪರಿಭಾಷೆ 20ನೇ ಶತಮಾನದ್ದು. ಉರ್ದುವಿನಲ್ಲಿ ಮೌದೂದಿ, ಅರಬ್ಬಿಯಲ್ಲಿ ಸಯ್ಯಿದ್ ಕುತ್ಬ್ ಅದನ್ನು ಬೆಳೆಸಿದರು. ಅದನ್ನು ಒಪ್ಪುವುದು ಬಿಡುವುದು ಬೇರೆ ಚರ್ಚೆ. ಆ ಅರ್ಥವನ್ನು ಹಿಂದಕ್ಕೆ ಒಯ್ದು ಏಳನೇ ಶತಮಾನದ ಪ್ರತಿ ‘ಹುಕ್ಮ್’ಗೂ ಅಂಟಿಸುವುದು ಮಾತ್ರ ಭಾಷೆಗೆ ಮಾಡುವ ಅನ್ಯಾಯ.

ಹಕೀಮ್ ಮೊದಲು ವಿವೇಕಿ, ಆಮೇಲೆ ತತ್ತ್ವಜ್ಞಾನಿ, ಆಮೇಲೆ ವೈದ್ಯ. ಗ್ರೀಕ್ ಗ್ರಂಥಗಳು 9ನೇ ಶತಮಾನದ ಬಾಗ್ದಾದಿನಲ್ಲಿ ಅರಬ್ಬಿಗೆ ಬಂದಾಗ ತತ್ತ್ವಶಾಸ್ತ್ರಕ್ಕೆ ‘ಫಲ್ಸಫ’ ಎಂಬ ಗ್ರೀಕ್ ಹೆಸರಿನ ಜೊತೆಗೆ ‘ಹಿಕ್ಮ’ ಎಂಬ ಮನೆಯ ಹೆಸರೂ ಬಳಕೆಯಾಯಿತು. ಆಗ ವೈದ್ಯ ಓದಿದವನು ತರ್ಕವನ್ನೂ ಖಗೋಳವನ್ನೂ ಓದಿದವನೇ; ಇಬ್ನ್ ಸೀನಾ ಅದಕ್ಕೆ ದೊಡ್ಡ ಉದಾಹರಣೆ. ಎರಡೂ ಕೆಲಸ ಒಬ್ಬನದೇ ಆಗಿದ್ದರಿಂದ ಹೆಸರು ಒಂದರಿಂದ ಇನ್ನೊಂದಕ್ಕೆ ಜಾರಿತು. ಯುನಾನಿ ಔಷಧ ಕೊಡುವವರನ್ನು ನಾವು ಹಕೀಮರೆನ್ನುವುದು ಆ ಜಾರಿಕೆಯ ಈಚಿನ ತುದಿ.

ನೆರೆಭಾಷೆಗಳ ಸಾಕ್ಷಿ

ಇಬ್ನ್ ಫಾರಿಸನ ‘ತಡೆ’ ಇಷ್ಟು ಚೆನ್ನಾಗಿ ಹೊಂದುತ್ತದಲ್ಲ, ಹಾಗಾದರೆ ಚರಿತ್ರೆಯಲ್ಲೂ ಹಾಗೆಯೇ ನಡೆಯಿತೇ? ಇಲ್ಲಿ ಅರಬ್ಬಿಯಿಂದ ಹೊರಗೆ ನೋಡಬೇಕು. ಹೀಬ್ರೂವಿನಲ್ಲಿ ಇದೇ ಧಾತುವಿನ ‘ಹೊಖ್ಮಾ’ ವಿವೇಕ, ‘ಹಾಖಾಮ್’ ವಿವೇಕಿ. ಒಟ್ಟೋಮನ್ ಸಾಮ್ರಾಜ್ಯದ ಯೆಹೂದಿ ಮುಖ್ಯಗುರುವಿನ ಪದವಿ ‘ಹಾಖಾಮ್ ಬಾಷಿ’. ಅರಮಾಯಿಕ್‌ನಲ್ಲೂ ಅರ್ಥ ವಿವೇಕವೇ. ಸಿರಿಯಾ ಕರಾವಳಿಯ ಉಗರಿತ್‌ನ ಮಣ್ಣಿನ ಫಲಕಗಳಲ್ಲಿ ಏಲ್ ದೇವರ ವಿವೇಕಕ್ಕೆ ಈ ಧಾತು ಬಂದಿದೆ. ಮೆಸೊಪೊಟೇಮಿಯದ ಅಕ್ಕಾಡಿಯನ್‌ನಲ್ಲಿ ‘ಖಕಾಮು’ ಎಂದರೆ ತಿಳಿ, ಗ್ರಹಿಸು. ಇವೆಲ್ಲ ಇಬ್ನ್ ಫಾರಿಸನಿಗಿಂತ, ನಮಗೆ ಸಿಕ್ಕಿರುವ ಅರಬ್ಬಿ ಕಾವ್ಯಕ್ಕಿಂತ, ಎಷ್ಟೋ ಹಳೆಯವು. ಎಲ್ಲದರಲ್ಲೂ ಎದ್ದು ಕಾಣುವುದು ತಿಳಿವು, ಕುದುರೆಯ ಪಟ್ಟಿಯಲ್ಲ.

ಹಾಗಾಗಿ ವಿವೇಕ ಎಂಬ ಅರ್ಥವೇ ಮೊದಲಿನದು, ತೀರ್ಪು ಮತ್ತು ತಡೆ ಅರಬ್ಬಿಯಲ್ಲಿ ಬೆಳೆದವು ಎನ್ನುವುದೇ ಹೆಚ್ಚು ನಂಬತಕ್ಕದ್ದು. ಹಾಗೆಂದು ಇಬ್ನ್ ಫಾರಿಸನನ್ನು ಬದಿಗಿಡಬೇಕಿಲ್ಲ. ಅವನು ಕೊಟ್ಟದ್ದು ಪದಗಳ ಹುಟ್ಟಿನ ದಿನಚರಿಯಲ್ಲ. ಅರಬ್ಬಿ ಮಾತಾಡುವವರ ಮನಸ್ಸಿನಲ್ಲಿ ಆ ಪದಗಳು ಹೇಗೆ ಒಂದರ ಕೈ ಒಂದು ಹಿಡಿದು ನಿಂತಿವೆ ಎಂಬ ನಕ್ಷೆ. ಜರೀರನ ಸಾಲು ಓದುವುದಕ್ಕೆ ಆ ನಕ್ಷೆ ಬೇಕೇ ಬೇಕು. ಧಾತುವಿನ ವಯಸ್ಸು ಹೇಳುವುದಕ್ಕೆ ಅದು ಸಾಲದು.

ಇನ್ನೊಂದು ಆಕರ್ಷಣೆಯಿಂದಲೂ ದೂರವಿರಬೇಕು. ಎಂಟನೇ ಶತಮಾನದ ಖಲೀಲನ ನಿಘಂಟಿನಲ್ಲಿ ಮೂರು ಅಕ್ಷರಗಳ ಆರೂ ಜೋಡಣೆಗಳನ್ನು ಒಂದೇ ಕಡೆ ಕೊಡುವ ಕ್ರಮವಿದೆ. ಹತ್ತನೇ ಶತಮಾನದ ಇಬ್ನ್ ಜಿನ್ನೀ ಇಂಥ ಜೋಡಣೆಗಳಿಗೆಲ್ಲ ಸಮಾನ ಅರ್ಥವಿರಬಹುದೆಂದು ಹುಡುಕಿದವನು. ನಮ್ಮ ಅಕ್ಷರಗಳನ್ನು ತಿರುಗಿಸಿ ಕಾಫ್-ಮೀಮ್-ಹಾ ಮಾಡಿದರೆ ‘ಕಮಹ’: ಲಗಾಮು ಎಳೆದು ಕುದುರೆಯ ತಲೆ ಎತ್ತಿಸು! ಮೈ ಜುಮ್ಮೆನ್ನುತ್ತದೆ. ಆದರೆ ಅದು ‘ಕಬಹ’ ಎಂಬ ಪದದ ಜೋಡಿ ರೂಪ. ಬ ಮತ್ತು ಮ ಎರಡೂ ತುಟಿಯ ಧ್ವನಿಗಳು, ಒಂದರ ಜಾಗಕ್ಕೆ ಇನ್ನೊಂದು ಬರುವುದು ಅರಬ್ಬಿಯಲ್ಲಿ ಅಪರೂಪವಲ್ಲ. ಅದರ ಮೇಲೆ ಸಿದ್ಧಾಂತ ಕಟ್ಟುವುದು ಬೇಡ.

ಹುಡುಕುವ ಕ್ರಮ

ಪದ ಸಿಕ್ಕಾಗ ಮಾಡಬೇಕಾದ್ದು ಇಷ್ಟು. ಮೊದಲು ‘ಅಲ್’ ಮತ್ತು ಅಂಟಿಕೊಂಡ ಅವ್ಯಯ, ಸರ್ವನಾಮಗಳನ್ನು ಬಿಡಿಸಿ. ಆಮೇಲೆ ಮುಂದಿನ ಮ, ತ, ಇಸ್ತ ಮುಂತಾದ ಸೇರ್ಪಡೆಗಳನ್ನು, ನಡುವಿನ ದೀರ್ಘಸ್ವರವನ್ನು, ಕೊನೆಯ ದುಂಡು ತಾ ಅನ್ನು ತೆಗೆಯಿರಿ. ‘ಮುಸ್ತಹ್ಕಮ್’ನಲ್ಲಿ ಮು-ಸ್-ತ ಹೋದರೆ ಉಳಿಯುವುದು ಹ-ಕ-ಮ. ನಿಘಂಟಿಗೆ ಹೋಗುವ ಮುನ್ನ ತೆಗೆದ ಭಾಗಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಅವೇ ಅಚ್ಚನ್ನು ಹೇಳುತ್ತವೆ. ಹಲವರು ಇದನ್ನು ಬಿಡುತ್ತಾರೆ. ಧಾತು ಸಿಕ್ಕ ಕೂಡಲೇ ಅದರ ಮೊದಲ ಅರ್ಥವನ್ನು ಹಿಡಿದುಕೊಂಡು ಹೊರಡುತ್ತಾರೆ.

ಈಗಿನ ನಿಘಂಟುಗಳಲ್ಲಿ ಹಾ, ಆಮೇಲೆ ಕಾಫ್, ಆಮೇಲೆ ಮೀಮ್ ಎಂದು ನೇರವಾಗಿ ಹೋಗಬಹುದು. 1290ರಲ್ಲಿ ಮುಗಿದ ಇಬ್ನ್ ಮನ್ಝೂರನ ‘ಲಿಸಾನ್ ಅಲ್-ಅರಬ್’ನ ಮೂಲ ವಿನ್ಯಾಸದಲ್ಲಿ ಕೊನೆಯ ಅಕ್ಷರ ಮೊದಲು: ಮೀಮ್ ಅಧ್ಯಾಯ ತೆರೆದು, ಅದರಲ್ಲಿ ಹಾ ವಿಭಾಗ ಹುಡುಕಿ, ಅಲ್ಲಿ ಕಾಫ್ ನೋಡಬೇಕು. ಪ್ರಾಸಪದ ಹುಡುಕುವ ಕವಿಗಳಿಗೆ ಅನುಕೂಲ, ಹೊಸಬರಿಗೆ ಅರ್ಧ ಗಂಟೆ ನಷ್ಟ. ಇಂಗ್ಲಿಷ್ ವಿದ್ವಾಂಸ ಲೇನ್‌ನ ಅರಬ್ಬಿ-ಇಂಗ್ಲಿಷ್ ನಿಘಂಟು (1863–1893) ಕೊನೆಯ ಅಕ್ಷರಗಳಲ್ಲಿ ತೆಳುವಾಗುತ್ತದೆ, ಅವನು 1876ರಲ್ಲಿ ತೀರಿಕೊಂಡದ್ದರಿಂದ. ಆದರೆ ನಮ್ಮ ಧಾತು ಹಾ ಅಕ್ಷರದ್ದಾದ್ದರಿಂದ ಅವನ ಕೈಯಲ್ಲೇ ಪೂರ್ಣವಾಗಿ ಮುಗಿದಿದೆ.

ಓದಿನಲ್ಲಿ ಕಾಡುವುದು ಸ್ವರವಿಲ್ಲದ ಬರಹ. ಮ-ಹ-ಕ-ಮ-ತ ಎಂಬ ಒಂದೇ ಬರಹವನ್ನು ಮಹ್ಕಮ (ನ್ಯಾಯಾಲಯ), ಮುಹ್ಕಮ (ಬಿಗಿಯಾದದ್ದು), ಮುಹಕ್ಕಮ (ಪರಿಣತರ ತೀರ್ಪು ಪಡೆದದ್ದು) ಎಂದು ಮೂರು ಬಗೆ ಓದಬಹುದು. ಮೂರನೆಯದು ಈಗ ವಿದ್ವತ್ಪತ್ರಿಕೆಗಳ ಮುಖಪುಟದಲ್ಲಿರುತ್ತದೆ; ‘ನ್ಯಾಯಾಲಯ ಪತ್ರಿಕೆ’ ಎಂದು ಓದಿದರೆ ಅಪಾರ್ಥ. ಇಬ್ನ್ ಹಝ್ಮ್ (ಮರಣ 1064) ಮತ್ತು ಆಮಿದೀ (ಮರಣ 1233) ಇಬ್ಬರೂ ಬರೆದ ಒಂದೊಂದು ಗ್ರಂ‌ಥಕ್ಕೆ ‘ಅಲ್-ಇಹ್ಕಾಮ್ ಫೀ ಉಸೂಲ್ ಅಲ್-ಅಹ್ಕಾಮ್’ ಎಂದೇ ಹೆಸರು. ಮೊದಲನೆಯ ‘ಇಹ್ಕಾಮ್’ ನಾಲ್ಕನೆಯ ರೂಪದ ಕ್ರಿಯಾನಾಮ, ಬಿಗಿಮಾಡುವಿಕೆ. ಕೊನೆಯ ‘ಅಹ್ಕಾಮ್’ ಹುಕ್ಮ್‌ನ ಬಹುವಚನ, ನಿರ್ಣಯಗಳು. ಹಂಝ ಗುರುತು (ಮೊದಲ ಅಲಿಫ್ ಅಕ್ಷರದ ಮೇಲೋ ಕೆಳಗೋ ಬರುವ ಚಿಹ್ನೆ) ಹಾಕದ ಹಸ್ತಪ್ರತಿಯಲ್ಲಿ ಎರಡೂ ಒಂದೇ.

ಕನ್ನಡ ಲಿಪಿ ನಮಗೆ ಬೇರೆಯೇ ತೊಡಕು ತರುತ್ತದೆ. ಅರಬ್ಬಿಯಲ್ಲಿ ಗಂಟಲಿನ ಆಳದ ಹಾ ಬೇರೆ, ಹಗುರಾದ ಹಾ ಬೇರೆ. ಕಾಫ್ ಬೇರೆ, ಕಿರುನಾಲಿಗೆಯ ಕಾಫ್ ಬೇರೆ. ನಮಗೆ ಎಲ್ಲವೂ ಹ, ಕ. ಗಂಟಲಿನ ಹಾ ಇರುವ ‘ತಹಕ್ಕುಮ್’ ನಿಯಂತ್ರಣ. ಹಗುರ ಹಾ ಇರುವ ‘ತಹಕ್ಕುಮ್’ ಅಣಕ, ಗೇಲಿ. ಧಾತುಗಳೇ ಬೇರೆ. ನಮ್ಮ ‘ಹಕ್ಕು’ ಕೂಡ ಹುಕುಂನ ನೆಂಟನಲ್ಲ. ಅದು ಗಂಟಲಿನ ಹಾ, ಕಿರುನಾಲಿಗೆಯ ಎರಡು ಕಾಫ್‌ಗಳ ಧಾತು, ಸತ್ಯ ಮತ್ತು ಸಲ್ಲತಕ್ಕದ್ದು ಎಂಬ ಅರ್ಥದ್ದು.

ಕನ್ನಡದ ಹುಕುಂ

ಹುಕ್ಮ್ ನಮಗೆ ಬಂದದ್ದು ಪಾರಸಿ, ದಖನಿ, ಮರಾಠಿಯ ಆಡಳಿತದ ಮೂಲಕ. ಕೊನೆಯ ಜೋಡಿ ವ್ಯಂಜನದ ನಡುವೆ ಉ ಸೇರಿ ಹುಕುಂ ಆಯಿತು. ಝುಲ್ಮ್ ಜುಲುಮೆ ಆದದ್ದೂ ಹಾಗೆಯೇ. ಇಬ್ನ್ ಫಾರಿಸ್ ಹುಕ್ಮ್ ಝುಲ್ಮ್ ಅನ್ನು ತಡೆಯುತ್ತದೆ ಎಂದಿದ್ದನ್ನು ನೆನೆದರೆ, ಈ ಜೋಡಿ ಕನ್ನಡಕ್ಕೆ ಒಟ್ಟಿಗೇ ಬಂದು ಸೇರಿದೆ. (ಜುಲ್ಮಾನೆಯನ್ನು ಇದಕ್ಕೆ ಸೇರಿಸಬೇಡಿ. ಅದು ‘ಜುರ್ಮ್’, ಅಪರಾಧ, ಎಂಬುದರಿಂದ ಆದ ಜುರ್ಮಾನಾ.) ಅರ್ಥ ಮಾತ್ರ ದಾರಿಯಲ್ಲಿ ಬದಲಾಯಿತು. ಅರಬರ ಹುಕ್ಮ್ ಇಬ್ಬರ ಮಾತು ಕೇಳಿ ಕೊಟ್ಟ ತೀರ್ಪು. ಪಾರಸಿ ದರ್ಬಾರಿನ ಹುಕುಂ ಮೇಲಿನಿಂದ ಕೆಳಕ್ಕೆ ಇಳಿಯುವ ಅಪ್ಪಣೆ. ಟಿಪ್ಪು ಸುಲ್ತಾನನ ಆಡಳಿತದ ಹುಕುಂನಾಮೆಗಳು ಈ ಬಗೆಯವು. ಉರ್ದುವಿನಲ್ಲಿ ‘ಮಹ್ಕಮ’ ನ್ಯಾಯಾಲಯದಿಂದ ಸರಿದು ಸರ್ಕಾರಿ ಇಲಾಖೆಯಾದದ್ದೂ ಇದೇ ದಾರಿಯಲ್ಲಿ.

ಬಗರ್ ಹುಕುಂ ಎನ್ನುವಾಗ ‘ಬಗರ್’ ಕೂಡ ಅರಬ್ಬಿಯದೇ: ಬಿ ಎಂಬ ಅವ್ಯಯ, ‘ಗೈರ್’ ಎಂಬ ಪದ, ಎರಡೂ ಸೇರಿ ‘ಇಲ್ಲದೆ’. ಗೈರುಹಾಜರಿಯ ಗೈರು ಇದೇ. ಸರ್ಕಾರಿ ಜಮೀನನ್ನು ಮಂಜೂರಾತಿ ಆದೇಶವಿಲ್ಲದೆ ಉಳುವುದು ಬಗರ್ ಹುಕುಂ ಸಾಗುವಳಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಡಿ ಅದನ್ನು ಸಕ್ರಮಗೊಳಿಸಲು ರೈತರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿದ್ದಾರೆ. ಅಂಥ ಒಂದು ಅರ್ಜಿಯನ್ನು ಕೈಗೆತ್ತಿಕೊಂಡು ಮೇಲೆ ಹೇಳಿದ ಕ್ರಮದಲ್ಲಿ ಬಿಡಿಸಿ ನೋಡಿ. ‘ಅರ್ಜಿ’ಯ ಮೂಲ ‘ಅರ್ದ್’, ಮುಂದಿಡುವುದು. ‘ಮಂಜೂರು’ ನ-ಝ-ರ ಧಾತುವಿನ ಮಫ್ಊಲ್, ನೋಡಲ್ಪಟ್ಟದ್ದು. ‘ತಹಸೀಲ್ದಾರ’ರಲ್ಲಿ ಹ-ಸ-ಲ ಧಾತುವಿನ ‘ತಫ್ಈಲ್’ ಅಚ್ಚು, ವಸೂಲಿ ಎಂದರ್ಥ. ಕೊನೆಗೆ ಪಾರಸಿಯ ದಾರ್. ‘ಮಹಸೂಲು’ ಅದೇ ಧಾತುವಿನ ಮಫ್ಊಲ್, ವಸೂಲಾದದ್ದು. ‘ಹುಕುಂ’ ನಮ್ಮ ಹಾ-ಕಾಫ್-ಮೀಮ್. ರೈತ ಕೇಳುತ್ತಿರುವ ‘ಹಕ್ಕು’ ಬೇರೆ ಧಾತು, ಬೇರೆ ಕಾಫ್.